ಅಮಾವಾಸ್ಯೆಯ ದಿನದ ಪರೀಕ್ಷೆ

ಮೊರದಲ್ಲಿ ನವಣೆ ಹರವಿಕೊಂಡು ಕಲ್ಲು ಆರಿಸುತ್ತಿದ್ದೆ. ಸಿದ್ದಾಪುರದ ಕಡೆಯ ನವಣೆ. ಗುಡ್ಡದ ನಡುವಿನ ಹೊಲದ್ದಾದರೂ ಈ ಸಲ ಕಲ್ಲು ಕಡಿಮೆ ಇತ್ತು. ಕಣ್ಣು ಮಂಜಾಗುತ್ತಿರುವ ಕಾಲಕ್ಕೆ ಶಿವ ಅಷ್ಟಾದರೂ ದಯೆ ತೋರಿದನಲ್ಲ ಎಂದುಕೊಳ್ಳುತ್ತಿದ್ದೆ. ಆಗ ನನ್ನ ತಂಗಿಯ ಮಗಳು ಗಿರಿಜೆ ಚಳ್ಳಕೆರೆಯಿಂದ ಬಂದವಳು, ಕಾಲು ತೊಳೆಯುವುದಕ್ಕೂ ನಿಲ್ಲದೆ ನಡುಮನೆಗೆ ನುಗ್ಗಿದಳು.

“ದೊಡ್ಡವ್ವಾ, ಕೆಲಸ ಆತು! ಈ ಊರಾಗೆ ಹೆಣ್ಣುಮಕ್ಕಳ ನೇಯ್ಗೆ ತರಗತಿ ಮತ್ತೆ ತೆಗೀತಾರಂತೆ. ಕಲಿಸೋ ಕೆಲಸಕ್ಕೆ ನನ್ನನ್ನೇ ಹಾಕಿದಾರೆ.”

“ಒಳ್ಳೇದಾತು ಕಣವ್ವ” ಎಂದೆ. ಬಾಯಿ ಹಾಗೆ ಅಂದಿತು. ಬೆರಳ ನಡುವೆ ಇದ್ದ ಕಲ್ಲನ್ನು ಎಸೆಯುವುದು ಮಾತ್ರ ಮರೆತುಹೋಯಿತು. ಮೊಳಕಾಲ್ಮೂರಿನ ಆ ಕೆಲಸ ಒಬ್ಬಳಿಗೆ ಸಲ್ಲಬೇಕಾಗಿತ್ತು. ಕೆಲವು ದಿನ ಸಂದೂ ಇತ್ತು. ಅವಳ ಹೆಸರು ಪಾಪಕ್ಕ. ಗಿರಿಜೆಗೆ ಅದು ತಿಳಿಯದು, ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಗಿರಿಜೆ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತು ತಾನೂ ಕಲ್ಲು ಆರಿಸತೊಡಗಿದಳು. “ಸೇರಿದ ಹುಡುಗೇರು ಮಧ್ಯೆ ಬಿಟ್ಟು ಹೋಗದಂಗೆ ಏನು ಮಾಡ್ಬೇಕು, ಹೇಳು ದೊಡ್ಡವ್ವ. ನೀನು ಅದನ್ನೇ ಅಲ್ವಾ ಮಾಡಿದ್ದು?”

ಹೌದು, ಅದನ್ನೇ ಮಾಡಿದ್ದು. ಒಂದು ಮೊರ ನವಣೆ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅವಳಿಗೆ ಸ್ವಲ್ಪ ಹೇಳಿದೆ. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ, ಅವಳಂತೆ ಈ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಓದಿಕೊಳ್ಳಲಿ ಎಂದು.

ನಾನು ನೇಕಾರರ ಮನೆಯವಳಲ್ಲ. ಚಳ್ಳಕೆರೆ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಲಿಂಗವಂತರ ಮನೆಯ ಮಗಳು. ಅಪ್ಪ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಕ್ಕಡಿಯ ಪಕ್ಕ ಕೂಡಿಸಿಕೊಂಡು ನನಗೆ ಓದು ಬರಹ ಕಲಿಸಿದ. ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಪ್ಲೇಗು ಹೋಗಿ ಊರುಗಳು ಮತ್ತೆ ತುಂಬಿಕೊಂಡ ಕಾಲದಲ್ಲಿ ಸರ್ಕಾರದವರು ಚಳ್ಳಕೆರೆಯಲ್ಲಿ ಉಣ್ಣೆ ನೂಲುವ ತರಗತಿ ತೆರೆದರು. ಹೆಣ್ಣುಮಕ್ಕಳನ್ನು ನೋಡಿಕೊಳ್ಳಲು ಬೆಂಗಳೂರಿನಿಂದ ಯಾವ ಹೆಂಗಸೂ ಈ ಬಿಸಿಲಿಗೆ ಬರಲೊಲ್ಲಳು. ಅಮಲ್ದಾರರು ಯಜಮಾನರನ್ನು ಕರೆದು, “ನಿಮ್ಮ ಮನೆಯವರಿಗೆ ಓದು ಬರುತ್ತಂತಲ್ಲ” ಎಂದರು. ಅದೇ ನನ್ನ ನೇಮಕ.

ಅತ್ತೆಯವರು ಬದುಕಿದ್ದ ಕಾಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ರೊಟ್ಟಿ ಬಡಿದು, ಹೊರಗೆ ಕಾಲಿಟ್ಟೆನೆಂದರೆ ಅವರ ಮಾತು ಬೆನ್ನಿಗೆ ಬರುತ್ತಿತ್ತು. “ಹೋಗವ್ವ ಹೋಗು. ಊರ ಹುಡುಗೇರ್ನೆಲ್ಲ ಕೂಗಿ ಕರ್ಕಂಡು ಬಾ. ನಮ್ಮನೆ ಒಲೇನ ಅಮಲ್ದಾರ್ರು ಬಂದು ಹಚ್ತಾರೆ.” ಹೀಗೆ ಅಂದರೂ ನಾನು ಬರುವ ಹೊತ್ತಿಗೆ ಒಲೆ ಹಚ್ಚಿರುತ್ತಿದ್ದವರು ಅವರೇ. ಈ ಮಾತನ್ನು ಅವರು ಇರುವಾಗ ಒಮ್ಮೆಯೂ ಹೇಳಲಿಲ್ಲ.

ನನ್ನ ಕೆಲಸ ಅಕ್ಷರ ಕಲಿಸುವುದು, ಹಾಜರಿ ಕೂಗುವುದು ಎಂದು ಹುಕುಮಿನಲ್ಲಿತ್ತು. ನಿಜವಾದ ಕೆಲಸ ಬೇರೆ. ಬಾರದವರ ಮನೆಗೆ ಹೋಗಿ ಕರೆತರುವುದು. ಇಡೀ ನೌಕರಿಯಲ್ಲಿ ನಾನು ಮಾಡಿದ್ದು ಅದೊಂದೇ.

ಚಳ್ಳಕೆರೆಯ ತರಗತಿಗೆ ಸೇರಿದವರು ಕುರಿಗಾರರ ಹೆಣ್ಣುಮಕ್ಕಳು. ಆ ಜನ ಕುರಿಯ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ನೂಲುವವರು. ಶಾಲೆಯಲ್ಲಿ ರಾಟೆಯ ಮುಂದೆ ಕಾಲು ಮಡಿಸಿ ಕೂರಬೇಕಾಗಿತ್ತು. ಸುಗ್ಗಿ ಮುಗಿದು ಮಂದೆ ಎದ್ದ ದಿನ ತರಗತಿಯೂ ಎದ್ದು ಹೋಯಿತು. ಹುಡುಕಿಕೊಂಡು ಗಾಡಿ ಮಾಡಿಕೊಂಡು ಕುದಾಪುರದ ಕಾವಲಿಗೆ ಹೋದೆ. ಹುಲ್ಲಿನ ನಡುವೆ ನಮ್ಮ ಹುಡುಗಿಯರು ಕುರಿ ಹೊಡೆದುಕೊಂಡು, ಮಾತಾಡಿಕೊಂಡು, ಶಾಲೆಯಲ್ಲಿ ನೂಲುವುದಕ್ಕಿಂತ ಸಣ್ಣ ಎಳೆ ತೆಗೆಯುತ್ತಿದ್ದರು.

ಒಬ್ಬಳ ತಾಯಿ ನನಗೆ ಮಜ್ಜಿಗೆ ಕೊಟ್ಟು ಹೇಳಿದಳು: “ನಡೀತಾ ನೂಲೋ ಕೈನ ಕೂಡಿಸಿ ಕಟ್ಟಾಕ್ತೀರಲ್ಲ ತಾಯಿ, ಕುರಿಗೂ ಕಲಿಸಿಬಿಡ್ರಿ, ಕೂತ್ಕಂಡು ಮೇಯಾಕೆ. ಆಮೇಲೆ ನಾವು ಎಲ್ಲೂ ಹೋಗಲ್ಲ.”

ಆ ಮಜ್ಜಿಗೆ ಕುಡಿದು ಬಂದು ಮೇಲಿನವರಿಗೆ ತಿಳಿಸಿದೆ. ಮಂದೆ ಊರಲ್ಲಿರುವ ತಿಂಗಳಲ್ಲಿ ತರಗತಿ ಇಟ್ಟರೆ ನಿಲ್ಲುತ್ತಾರೆ ಎಂದೆ. ಅವರು ತಲೆಯಾಡಿಸಿದರು. ಪುಸ್ತಕದಲ್ಲಿ ಪ್ರತಿಯೊಬ್ಬಳ ಹೆಸರಿನ ಮುಂದೆ “ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾಳೆ” ಎಂದು ಬರೆಸಿದರು. ಬಿಟ್ಟುಹೋದ ಯಾರಿಗೇ ಆಗಲಿ, ಸರ್ಕಾರದ ಪುಸ್ತಕದಲ್ಲಿ ಇದ್ದ ಕಾರಣ ಅದೊಂದೇ. ಗಂಡನ ಮನೆಗೆ ಹೋದವಳಿಗೂ ಅದೇ, ಜ್ವರದಲ್ಲಿ ಸತ್ತವಳಿಗೂ ಅದೇ. ಸತ್ತವಳ ಹೆಸರಿಗೆ ನಾನು ಬರೆಯಲಿಲ್ಲ. ಬೇರೆ ಕೈಯಲ್ಲಿ ಬರೆಸಿದರು.

ಯಜಮಾನರಿಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಅಲ್ಲಿ ಆಗಲೇ ರೇಷ್ಮೆ ನೇಯ್ಗೆಯ ಶಾಲೆ ಇತ್ತು. ಹೆಣ್ಣುಮಕ್ಕಳ ವಿಭಾಗಕ್ಕೆ ನನ್ನನ್ನು ಹಾಕಿದರು. ಊರು ತುಂಬ ಮಗ್ಗದ ಸದ್ದು. ಹೆಚ್ಚಿನವರ ಮನೆಮಾತು ತೆಲುಗು. ಮೊದಲ ವಾರ ನಾನು ಕನ್ನಡದಲ್ಲಿ ಬೈದದ್ದಕ್ಕೆ ಹುಡುಗಿಯರು ತೆಲುಗಿನಲ್ಲಿ ನಕ್ಕರು. ಅಷ್ಟರಿಂದಲೇ ನಮ್ಮ ಗೆಳೆತನ ಶುರುವಾಯಿತು.

ಶಾಲೆಯ ಮುಖ್ಯರು ಮೈಸೂರು ಕಡೆಯ ಬ್ರಾಹ್ಮಣರು. ಸೂಪರಿಂಟೆಂಡೆಂಟರು ಎಂದೇ ಎಲ್ಲರೂ ಕರೆಯುತ್ತಿದ್ದರು. ಕೆಟ್ಟವರಲ್ಲ. ಮಳೆ ಸೋರಿದಾಗ ತಾವೇ ಏಣಿ ಹತ್ತಿ ಹೆಂಚು ಸರಿಸಿದವರು. ಹೆಣ್ಣುಮಕ್ಕಳನ್ನು ‘ತಾಯಿ’ ಎಂದೇ ಕರೆಯುತ್ತಿದ್ದರು. ಅವರಿಗಿದ್ದ ಹುಚ್ಚು ಹೊಸ ಮಗ್ಗದ್ದು. ಹಗ್ಗ ಎಳೆದರೆ ಲಾಳಿ ತಾನೇ ಈ ಕಡೆಯಿಂದ ಆ ಕಡೆಗೆ ಓಡುವ ಮಗ್ಗ. ಬೇಗ ನೇಯುತ್ತದೆ, ನಿಜ. ಈ ಊರಿನ ಸೀರೆಗೆ ಮಾತ್ರ ಅದು ಒಗ್ಗದು. ಮೈ ಒಂದು ಬಣ್ಣ, ಎರಡೂ ಕಡೆಯ ಅಂಚು ಇನ್ನೊಂದು ಬಣ್ಣ ಬರಬೇಕಾದರೆ ಮೂರು ಲಾಳಿ ಬೇಕು. ಮೈಗೆ ಒಂದು, ಅಂಚಿಗೆ ಒಂದೊಂದು. ನೇಕಾರ ಗುಂಡಿಯಲ್ಲಿ ಕಾಲಿಟ್ಟು ನಡುವೆ ಕೂರುತ್ತಾನೆ. ಎಡ ಅಂಚಿನ ಲಾಳಿ ಹಾಕಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು. ಮನೆಯಲ್ಲಿ ಅದು ಹೆಂಡತಿಯ ಜಾಗ.

ನೇಕಾರರ ಹಿರಿಯ ಓಬಳಯ್ಯನವರು ಒಂದು ದಿನ ಶಾಲೆಗೆ ಬಂದು ಹೊಸ ಮಗ್ಗವನ್ನು ಸುತ್ತಿ ನೋಡಿದರು. “ಇದು ಓಡೋ ಕುದ್ರೆ, ಸ್ವಾಮಿ. ನಮ್ಮದು ಮೂರು ಲಾಳಿ ಸಂಸಾರ. ಕುದ್ರೆ ಮೇಲೆ ಸಂಸಾರ ಹೇರಾಕೆ ಆಗ್ತೈತಾ?” ಎಂದು ನಕ್ಕು ಹೋದರು. ಗಂಡುಹುಡುಗರು ಹೊಸ ಮಗ್ಗ ಕಲಿತರು. ಮನೆಗೆ ಹೋದರೆ ಹಳೆಯ ಮಗ್ಗ. ಎರಡೂ ಪೂರ್ತಿ ಬಾರದೆ ಅರ್ಧಕ್ಕೆ ಬಿಟ್ಟರು. ಸ್ವಂತ ಇಚ್ಛೆಯಿಂದ. ಆಮೇಲೆ ಸೂಪರಿಂಟೆಂಡೆಂಟರು ಮೂರು ಲಾಳಿಯ ಗುಂಡಿಮಗ್ಗಗಳನ್ನೂ ಶಾಲೆಯಲ್ಲಿ ಹೂಡಿಸಿದರು. ತಡವಾಯಿತು, ಆದರೂ ಹೂಡಿಸಿದರಲ್ಲ.

ನಮ್ಮ ಹೆಣ್ಣುಮಕ್ಕಳ ಕಡೆ ಇನ್ನೊಂದು ತೊಡಕು. ನೂಲು ಬಿಚ್ಚುವುದು, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವುದು, ಇದನ್ನು ಕಲಿಯುವ ತನಕ ಎಲ್ಲರೂ ಬರುತ್ತಿದ್ದರು. ಮುಂದಿನ ಮೆಟ್ಟಿಲು ಮಗ್ಗದ ಗುಂಡಿ. ಅಲ್ಲಿಗೆ ಬಂದ ಕೂಡಲೆ ಒಬ್ಬೊಬ್ಬಳಾಗಿ ನಿಂತುಬಿಡುತ್ತಿದ್ದರು. ಹೆಣ್ಣು ಅಂಚಿನಲ್ಲಿ ಕೂರಬಹುದು, ನಡುವೆ ಕೂರುವುದು ಹೇಗೆ? ಬಾಗಿಲು ಬಾಗಿಲಿಗೆ ಹೋಗಿ ಕೇಳಿದೆ. ಒಂದು ಮನೆಯಲ್ಲಿ “ಮದುವೆ ಗೊತ್ತಾಗೈತೆ” ಎಂದರು. ಇನ್ನೊಂದು ಮನೆಯಲ್ಲಿ “ಮೈನೆರೆದಾಳೆ” ಎಂದರು. ಮತ್ತೊಂದು ಮನೆಯಲ್ಲಿ ಹುಡುಗಿಯ ಅಜ್ಜಿ ನೇರವಾಗಿ, “ವದ್ದಮ್ಮಾ, ಬೇಡ. ಇವಳು ನಡುವೆ ಕೂತರೆ ಇವಳ ಗಂಡ ಎಲ್ಲಿ ಕೂರ್ಬೇಕು, ಅಟ್ಟದ ಮೇಲಾ?” ಎಂದಳು. ಎಲ್ಲರೂ ನಕ್ಕೆವು. ಹುಡುಗಿ ಮಾತ್ರ ಬರಲಿಲ್ಲ.

ಅಂಥದ್ದರಲ್ಲಿ ಪಾಪಕ್ಕ ಬಂದಳು. ಸಣ್ಣ ವಯಸ್ಸಿನ ವಿಧವೆ. ಗಂಡ ಜ್ವರದಲ್ಲಿ ಹೋಗಿದ್ದ. ಭಾವನ ಮನೆಯಲ್ಲಿ ಇದ್ದುಕೊಂಡು, ಆ ಮನೆಯ ಮಗ್ಗಗಳಿಗೆಲ್ಲ ಕಂಡಿಕೆ ಸುತ್ತಿ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಿದ್ದಳು. ಹೆಸರು ಬರೆಯಿಸಲು ಬಂದ ದಿನ ಅವಳು ಆಡಿದ ಮಾತು ಇದು:

“ಅಮ್ಮೋರೆ, ನನಗೆ ಅರ್ಧ ಮಗ್ಗ ಬರ್ತೈತೆ. ಅವರ ಪಕ್ಕ ಕೂತು ಎಡ ಅಂಚು ಹಾಕ್ತಿದ್ದೆ. ಅವರು ಹೋದ್ರು, ನಡುವಿನ ಜಾಗ ಖಾಲಿ ಆತು. ಇನ್ನರ್ಧ ಕಲಿಸ್ರಿ.”

ಕಲಿತಳು. ನಾನು ಕಲಿಸಲಿಲ್ಲ, ನನಗೆ ಬಾರದು. ಶಾಲೆಯ ನೇಯ್ಗೆ ಮೇಷ್ಟ್ರು ತೋರಿಸಿದರು. ನಾನು ಕಲಿಸಿದ್ದು ಅವಳ ಹೆಸರು ಬರೆಯುವುದನ್ನು. ‘ಪಾ’ ಬರೆದು ‘ಪ’ ಬರೆಯುವಾಗ ನಾಲಿಗೆ ತುದಿ ಹೊರಗೆ ಬರುತ್ತಿತ್ತು. ಮಗ್ಗದಲ್ಲಿ ಕೂತಾಗ ಹಾಗಿಲ್ಲ, ಬಾಯಿ ಮುಚ್ಚಿ, ಕಣ್ಣು ನೂಲಿನ ಮೇಲೆ. ಅವಳು ನಡುವೆ ಕೂತದ್ದನ್ನು ನೋಡಿ ಇನ್ನೂ ಐದು ಮಂದಿ ಗುಂಡಿಗೆ ಇಳಿದರು. ಇದ್ದವರೇ ಮುಂದೆ ಹೋದದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಆ ವರ್ಷ ನಾನು ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ. ಅತ್ತೆಯವರು, “ಏನೇ, ಮನೇಲಿ ಕಾಣಿಸ್ತಿದೀಯಲ್ಲ, ಕೆಲಸದಿಂದ ತೆಗೆದಾಕಿದ್ರಾ?” ಎಂದು ಕೇಳಿದರು.

ಸೂಪರಿಂಟೆಂಡೆಂಟರು ಮೇಲಿಂದ ಒಪ್ಪಿಗೆ ತರಿಸಿದ್ದರು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಪಾಪಕ್ಕ ಪಾಸಾದರೆ ಹೆಣ್ಣುಮಕ್ಕಳಿಗೆ ನೇಯ್ಗೆ ಕಲಿಸುವ ಕೆಲಸ ಅವಳಿಗೇ. ತನ್ನದೇ ಸಂಬಳ, ಶಾಲೆಯ ಹಿಂದಿನ ಕೋಣೆಯಲ್ಲಿ ತನ್ನದೇ ಒಲೆ. ಈ ಸುದ್ದಿ ಕೇಳಿದಾಗ ಅವಳು ಕೇಳಿದ್ದು ಒಂದೇ: “ಮೊದಲೇ ಉಣ್ಣಬಹುದಾ ಅಮ್ಮೋರೆ, ಬಿಸಿ ಇದ್ದಂಗೇ?”

ಪರೀಕ್ಷೆಯ ದಿನ ಬೆಂಗಳೂರಿನಿಂದ ಗೊತ್ತಾಗಿ ಬಂತು. ಇಂಗ್ಲಿಷ್ ತಿಂಗಳ ತಾರೀಖು. ಮನೆಗೆ ಬಂದು ಗೋಡೆಯ ಮೊಳೆಯಿಂದ ಪಂಚಾಂಗ ಇಳಿಸಿ ನೋಡಿದೆ. ಅಮಾವಾಸ್ಯೆ.

ಬೇರೆ ಊರಿನವರಿಗೆ ಇದು ತಿಳಿಯಲಿಕ್ಕಿಲ್ಲ. ಈ ಊರಿನ ನೇಕಾರರು ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಮಗ್ಗ ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂ ಏರಿಸಿ, ಲಾಳಿಗಳನ್ನು ತಾಯಿ ಮಗುವನ್ನು ಮಲಗಿಸುವಂತೆ ಮಲಗಿಸುತ್ತಾರೆ. ಅಂದು ಊರಿನ ಸದ್ದೇ ನಿಂತುಹೋಗುತ್ತದೆ. ಗುಬ್ಬಿ ಕೂಗುವುದು ಅಂದು ಕೇಳಿಸುತ್ತದೆ.

ಸೂಪರಿಂಟೆಂಡೆಂಟರ ಬಳಿಗೆ ಓಡಿದೆ. ಅವರು ನಕ್ಕರು. “ಅಮಾವಾಸ್ಯೆ ನಮ್ಮನೇಲೂ ಬರುತ್ತಲ್ಲ ತಾಯಿ. ತರ್ಪಣ ಬಿಟ್ಟು ಕಚೇರಿಗೆ ಹೋಗ್ತೀವಿ. ಮರದ ಮಗ್ಗಕ್ಕೇನು ತಿಥಿ?” ಆದರೂ ಕಾಗದ ಬರೆದರು. ಪರೀಕ್ಷಕರು ಮಾರನೆಯ ಬೆಳಿಗ್ಗೆ ರಾಂಪುರದ ಮೇಲೆ ಬಳ್ಳಾರಿಗೆ ಹೋಗಬೇಕು, ದಿನ ಬದಲಾಗದು, ಬಾರದವರನ್ನು ಬಿಟ್ಟುಹೋದವರೆಂದು ಹೆಸರು ಹೊಡೆಯತಕ್ಕದ್ದು ಎಂದು ಉತ್ತರ ಬಂತು.

ಓಬಳಯ್ಯನವರ ಮನೆಗೆ ಹೋದೆ. ಶಾಲೆಯ ಮಗ್ಗ ಸರ್ಕಾರದ್ದಲ್ಲವೇ, ಒಂದು ದಿನದ ಮಟ್ಟಿಗೆ ಒಪ್ಪಬಾರದೇ ಎಂದು ಕೇಳಿಕೊಂಡೆ.

“ಮಗ್ಗ ಸರ್ಕಾರದ್ದಮ್ಮಾ, ಒಪ್ಪಿದೆ. ಮಗ್ಗದವ್ವ ಸರ್ಕಾರದೋಳಾ?” ಎಂದರು. ಆಮೇಲೆ ಮೆತ್ತಗೆ, “ನಮ್ಮ ಹುಡುಗೇರು ಮಾರನೇ ದಿನ ಹೊತ್ತು ಹುಟ್ಟೋಕೆ ಮುಂಚೆ ಬಂದು ಕೂರ್ತಾರೆ. ನಾನೇ ಕರ್ಕಂಡು ಬರ್ತೀನಿ. ಆ ದೊರೆ ಗಾಡಿ ಕಟ್ಟೋದ್ರಾಗೆ ನೇಯ್ದು ತೋರಿಸ್ತಾರೆ. ಹೇಳಿ ನೋಡ್ರಿ” ಎಂದರು.

ಅದನ್ನೂ ಸೂಪರಿಂಟೆಂಡೆಂಟರಿಗೆ ಹೇಳಿದೆ, ಬೆಂಗಳೂರಿನ ಮಾತು ಮೀರಲು ತಮ್ಮ ಕೈಲಾಗದು ಎಂದರು. ಇಬ್ಬರೂ ಕೆಟ್ಟವರಲ್ಲ ಎಂಬುದೇ ನನಗೆ ಇಂದಿಗೂ ಕಹಿ. ಕೆಟ್ಟವರಾಗಿದ್ದರೆ ಒಂದು ಶಾಪ ಹಾಕಿ ಸುಮ್ಮನಾಗುತ್ತಿದ್ದೆ.

ಹಿಂದಿನ ದಿನ ಸಂಜೆ ಪಾಪಕ್ಕನಿಗೆ, “ಬರಬೇಡ ಕಣೇ. ಹೇಗಾದರೂ ಇನ್ನೊಂದು ದಿನ ಕೇಳೋಣ” ಎಂದೆ. ಅವಳು ಕಂಡಿಕೆ ಸುತ್ತುತ್ತಾ, “ಕೇಳಿದ್ರೆ ಕೊಡ್ತಾರಾ?” ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಪರೀಕ್ಷಕರು ಬಂದರು. ದಪ್ಪ ಕೋಟು, ಕಿಸೆಯಲ್ಲಿ ಗಡಿಯಾರ. ಮಗ್ಗಗಳ ಮೇಲೆ ಮೇಷ್ಟ್ರು ಏರಿಸಿದ್ದ ಹೂವನ್ನು ನೋಡಿ, ತಮ್ಮನ್ನು ಬರಮಾಡಿಕೊಳ್ಳಲು ಅಲಂಕರಿಸಿದ್ದಾರೆಂದು ತಿಳಿದು ಸಂತೋಷಪಟ್ಟರು. ನಾವು ಯಾರೂ ತಿದ್ದಲಿಲ್ಲ. ಹುಡುಗಿಯರು ಬರಲಿಲ್ಲ. ಅವರು ಗಡಿಯಾರ ತೆಗೆದು ನೋಡಿದರು, ಮುಚ್ಚಿದರು, ಮತ್ತೆ ತೆಗೆದರು.

ಆಗ ಪಾಪಕ್ಕ ಬಂದಳು. ತಲೆಗೆ ಮಿಂದು ಒದ್ದೆ ಕೂದಲು ಗಂಟು ಹಾಕಿದ್ದಳು. ಯಾರ ಮುಖವನ್ನೂ ನೋಡದೆ ಮಗ್ಗದ ಮುಂದೆ ಮಂಡಿಯೂರಿ, ಹಣೆ ಮಣೆಗೆ ತಾಗಿಸಿ, ತುಟಿಯಲ್ಲೇ ಏನೋ ಹೇಳಿಕೊಂಡಳು. ಹೂವನ್ನು ತೆಗೆದು ಎಸೆಯಲಿಲ್ಲ, ತಲೆಯ ಮೇಲಿನ ಗೂಡಿನಲ್ಲಿ ಇಟ್ಟಳು. ಗುಂಡಿಗೆ ಕಾಲಿಳಿಸಿ ಕೂತ ಮೇಲೆ ಎಡಕ್ಕೆ ನೋಡಿದಳು. ಅವಳ ಅಂಚಿಗೆ ಕೂರಬೇಕಾದ ಹುಡುಗಿ ಬಂದಿರಲಿಲ್ಲ.

“ಅಮ್ಮೋರೆ, ಎಡಗಡೆ ಯಾರೂ ಇಲ್ಲ.”

ಮೇಷ್ಟ್ರು ನೇಕಾರರೇ, ಅವರು ಅಂಗಳದಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ನಾನು ಸೆರಗು ಸಿಕ್ಕಿಸಿಕೊಂಡು ಹೋಗಿ ಅವಳ ಎಡಕ್ಕೆ ಕೂತೆ. ಕೊರಳಲ್ಲಿದ್ದ ಲಿಂಗವನ್ನು ಒಮ್ಮೆ ಮುಟ್ಟಿಕೊಂಡೆ. ಅಂದು ಹಾಗೆ ಕೂತದ್ದಕ್ಕೆ ನನಗೆ ಅಂದೂ ನಾಚಿಕೆಯಿಲ್ಲ, ಇಂದೂ ಇಲ್ಲ. ಪಾಪಕ್ಕ ಮೈಯ ಲಾಳಿ ಹಾಕುವಳು, “ಹೂಂ” ಎನ್ನುವಳು, ನಾನು ಅಂಚಿನ ಲಾಳಿಯನ್ನು ಅವಳ ನೂಲಿಗೆ ಕೊಂಡಿ ಹಾಕಿ ಹೊರಳಿಸುವೆನು. ರೊಟ್ಟಿ ಬಡಿದು ಗಟ್ಟಿಯಾದ ಕೈ, ರೇಷ್ಮೆ ಎಳೆ ಹಿಡಿದರೆ ಬೆರಳಿಗೇ ಸಿಕ್ಕಿಕೊಳ್ಳುತ್ತಿತ್ತು. ಒಂದೊಂದು ಸಲ ನಾನು ಎಳೆದದ್ದು ಸಾಲದೆ ಅವಳು ಮೊಣಕೈಯಿಂದ ತಿವಿದು, “ಬಿಗೀರಿ, ಬಿಗೀರಿ. ಸೌಟು ಅಲ್ಲ ಅಮ್ಮೋರೆ ಅದು” ಎಂದು ಪಿಸುಗುಟ್ಟಿದಳು. ಆ ಭಯದಲ್ಲೂ ನಗು ಬಂತು. ಊರೆಲ್ಲ ಸುಮ್ಮನಿದ್ದ ದಿನ ಆ ಒಂದು ಮಗ್ಗದ ಸದ್ದು ಎಷ್ಟು ದೂರ ಹೋಯಿತೋ ಶಿವನಿಗೇ ಗೊತ್ತು. ಹೋಯಿತು ಮಾತ್ರ ಎಲ್ಲರ ಕಿವಿಗೂ.

ಪರೀಕ್ಷಕರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮೈ ಮತ್ತು ಬಲ ಅಂಚು ಉತ್ತಮ, ಎಡ ಅಂಚು ಸಡಿಲ, ಎರಡನೆಯ ದರ್ಜೆ ಎಂದು ಬರೆದರು. ಬಾರದ ಐವರ ಹೆಸರು ಹೊಡೆದರು. ಪಾಪಕ್ಕ ನನ್ನ ಕಡೆ ತಿರುಗಿ, “ನಿಮ್ಮ ಅಂಚು ನನ್ನ ಮೊದಲನೇ ದರ್ಜೆ ತಿಂತು ನೋಡ್ರಿ” ಎಂದು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಹಿರಿಯರು ಕೂಡಿದರು. ಭಾವನ ಮನೆಯಿಂದ ಅವಳ ಗಂಟು ಬೀದಿಗೆ ಬಂತು. ಓಬಳಯ್ಯನವರು ಒಂದು ದಾರಿ ತೋರಿಸಿದರು. ಮಗ್ಗದ ಮುಂದೆ ನಿಂತು, ಎಲ್ಲರ ಎದುರು, ತಪ್ಪಾಯಿತು ಎಂದು ಹೇಳಿ ಅಡ್ಡಬಿದ್ದರೆ ಮುಗಿಯಿತು.

“ತಪ್ಪು ಅಂತ ಮಗ್ಗದವ್ವ ಹೇಳ್ಲಿ, ಒಪ್ಕಂತೀನಿ” ಎಂದಳು ಪಾಪಕ್ಕ. “ಕೂರೋಕೆ ಮುಂಚೆ ಅವಳನ್ನ ಕೇಳಿದೀನಿ. ಬೇಡ ಅಂದಿದ್ರೆ ಎಳೆ ಕಡೀಬೇಕಿತ್ತು. ಅವತ್ತು ಒಂದು ಎಳೆನೂ ಕಡೀಲಿಲ್ಲ, ಅಯ್ಯಾ.”

ಪಕ್ಕದಲ್ಲಿ ಕೂತವಳು ನಾನು. ಕಡಿದಿರಲಿಲ್ಲ, ನಿಜ. ಓಬಳಯ್ಯನವರು, “ಹಂಗಾದ್ರೆ ನಿನ್ನ ಕೈ ಮುಟ್ಟಿದ ನೂಲು ನಮ್ಮ ಮಗ್ಗಕ್ಕೆ ಬೇಡ” ಎಂದು ಎದ್ದರು.

ಕೆಲಸ ಅವಳಿಗೆ ಸಿಕ್ಕಿತು. ಹಿಂದಿನ ಕೋಣೆ, ಒಲೆ, ಎಲ್ಲ ಸಿಕ್ಕಿತು. ಮೊದಲ ದಿನ ಬಿಸಿ ಮುದ್ದೆ ಮಾಡಿ ಉಂಡಳು. ಒಬ್ಬಳೇ ಉಂಡಳು. ತರಗತಿಗೆ ಒಂದು ಹುಡುಗಿಯೂ ಬರಲಿಲ್ಲ. ನಾನು ಮತ್ತೆ ಬಾಗಿಲು ಬಾಗಿಲಿಗೆ ಹೋದೆ. ಹೆಸರು ಹೊಡೆದಿದ್ದ ಐವರನ್ನೂ ಹೊಸದಾಗಿ ಸೇರಿಸಿಕೊಳ್ಳುತ್ತೇವೆ ಎಂದೆ. “ಪಾಪಕ್ಕ ಇರೋ ತನಕ ಕಳಿಸಲ್ಲ” ಎಂದು ಎಲ್ಲ ಬಾಗಿಲಲ್ಲೂ ಒಂದೇ ಮಾತು. ಅಟ್ಟದ ಮಾತಾಡಿ ನಗಿಸಿದ್ದ ಅಜ್ಜಿ ಅಂದು ಬಾಗಿಲೇ ತೆರೆಯಲಿಲ್ಲ. ಆ ಅಜ್ಜಿ ಒಳಗೆ ಕೂತು ನೂಲು ಬಿಚ್ಚುವುದು ಕಿಟಕಿಯಿಂದ ಕಾಣುತ್ತಿತ್ತು.

ಕಲಿಯುವವರಿಲ್ಲದ ತರಗತಿಗೆ ಕಲಿಸುವವಳೇಕೆ ಎಂದು ಬೆಂಗಳೂರಿನಿಂದ ಕೇಳಿದರು. ಸೂಪರಿಂಟೆಂಡೆಂಟರು ಪಾಪಕ್ಕನನ್ನು ಕರೆಸಿದರು. ಮುಖ ನೋಡಿ ಮಾತಾಡಲು ಅವರಿಗೆ ಆಗಲಿಲ್ಲ. “ನೀನಾಗಿ ಬಿಟ್ಟೆ ಅಂತ ಆದರೆ ಐದು ಮಕ್ಕಳು ವಾಪಸ್ಸು ಬರ್ತವೆ ತಾಯಿ. ತೆಗೆದುಹಾಕೋಕೆ ನನಗೆ ಮನಸ್ಸಿಲ್ಲ” ಎಂದರು. ಕಾಗದ ಅವರೇ ಬರೆದಿದ್ದರು. ಅವಳು ನನ್ನ ಕಡೆ ತಳ್ಳಿ, “ಏನೈತೆ, ಓದ್ರಿ” ಎಂದಳು. ಓದಿದೆ. “ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ” ಎಂದಿತ್ತು.

ಅವಳು ಲೇಖಣಿ ತೆಗೆದುಕೊಂಡು, ನಾನು ಕಲಿಸಿದ ಅಕ್ಷರದಲ್ಲಿ, ನಾಲಿಗೆ ತುದಿ ಹೊರಗೆ ಹಾಕಿ, ಪಾಪಕ್ಕ ಎಂದು ಬರೆದಳು. ಅವಳು ತನ್ನ ಹೆಸರನ್ನು ಬರೆದ ಮೊದಲ ಸರ್ಕಾರಿ ಕಾಗದ ಅದು. ಅಕ್ಷರಗಳು ಚೆನ್ನಾಗಿದ್ದವು. ಅದಕ್ಕೆ ನಾನು ಸಂತೋಷಪಡಬೇಕೇ? ಅಂದು ರಾತ್ರಿ ಪೂಜೆಗೆ ಕೂತರೂ ಮಂತ್ರ ನೆನಪಾಗಲಿಲ್ಲ.

ರಾಯದುರ್ಗದಲ್ಲಿ ಅವಳ ಸೋದರಮಾವನ ಮನೆಯಿತ್ತು. ಅಲ್ಲಿಗೆ ಹೋಗುವ ಗಾಡಿ ಹತ್ತಿದಳು. ಐದು ಹುಡುಗಿಯರು ಬಂದರು. ಕಲಿಸಲು ಯಾರೂ ಇರಲಿಲ್ಲ. ಕಂಡಿಕೆ ಸುತ್ತಿ ಸುತ್ತಿ ಬೇಸತ್ತು ಒಬ್ಬೊಬ್ಬರೇ ನಿಂತರು, ತರಗತಿ ಮುಚ್ಚಿತು. ಬೆಂಗಳೂರಿನಿಂದ ಅವಳ ಪಾಸಿನ ಸರ್ಟಿಫಿಕೇಟು ಬಂದದ್ದು ಆಮೇಲೆ. ಬಟ್ಟೆ ವ್ಯಾಪಾರದ ಸಾಬರೊಬ್ಬರ ಕೈಯಲ್ಲಿ ರಾಯದುರ್ಗಕ್ಕೆ ಕಳಿಸಿದೆ. ಅವರು ಅದನ್ನು ಹಾಗೇ ತಿರುಗಿ ತಂದರು. “ಇಲ್ಲಿ ನೇಯಾಕೆ ಕಾಗದ ಕೇಳಲ್ಲ ಅಂದ್ರು ಪಾಪಕ್ಕ, ಅಮ್ಮಾ. ಮಾವನ ಮನೇಲಿ ನಡುವೆ ಕೂತು ನೇಯ್ತಾರೆ, ನಾನೇ ನೋಡ್ದೆ” ಎಂದರು. ನಾನು ಲಿಂಗಪೂಜೆಯ ಗೂಡಿನ ಕಡೆ ತಿರುಗಿ ಕೈಮುಗಿದೆ. ಆ ವರ್ಷದಲ್ಲಿ ಎಣಿಸಿಕೊಳ್ಳಲು ಸಿಕ್ಕ ದಯೆ ಅದೊಂದೇ.

ಇನ್ನೊಂದನ್ನು ಬರೆಯದಿದ್ದರೆ ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಕೆಲವು ವರ್ಷಗಳಾದ ಮೇಲೆ ದೊಡ್ಡ ಮನೆತನದ ಮದುವೆಗೆ ಸೀರೆಗಳ ಅವಸರ ಬಿತ್ತು. ಅಮಾವಾಸ್ಯೆಯ ದಿನ ಬಾವಿಗೆ ಹೋಗುತ್ತಿದ್ದೆ. ಓಬಳಯ್ಯನವರ ಮನೆಯೊಳಗಿಂದ ಮಗ್ಗದ ಸದ್ದು. ಕೊಡ ಇಳಿಸಿ ನಿಂತುಬಿಟ್ಟೆ. ಅವರು ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಎಲೆಅಡಿಕೆ ಬಾಯಿಗೆ ಹಾಕುವ ಕೈ ನಿಂತಿತು.

“ಅರಿಶಿನದ ನೀರು ಚಿಮುಕಿಸಿ, ಕೇಳ್ಕಂಡೇ ಹೂಡಿದೀವಮ್ಮಾ” ಎಂದರು.

“ಅವಳೂ ಕೇಳ್ಕಂಡೇ ಕೂತಿದ್ಲು, ಓಬಳಯ್ಯನೋರೆ” ಎಂದೆ.

ಅವರು ಎಲೆಯನ್ನು ಮಡಿಸಿದರು, ಬಿಚ್ಚಿದರು. ನಾನು ಕೊಡ ಎತ್ತಿಕೊಂಡು ಹೋದೆ.

ಇದರಲ್ಲಿ ಒಂದಿಷ್ಟನ್ನು ಗಿರಿಜೆಗೆ ಅಂದು ಬಾಯಲ್ಲೇ ಹೇಳಿದೆ. ಅವಳು ಕಲ್ಲು ಆರಿಸುವುದನ್ನು ಬಿಟ್ಟು ಕೇಳುತ್ತಿದ್ದಳು. ಹೊಸ ತರಗತಿಗೆ ಮೊದಲು ಹೆಸರು ಕೊಟ್ಟವಳು ಓಬಳಯ್ಯನವರ ಮೊಮ್ಮಗಳಂತೆ. ಅದನ್ನು ಹೇಳಲೋ ಬೇಡವೋ ಎಂಬಂತೆ ಹೇಳಿದಳು. ಬರಲಿ, ಆ ಮಗುವಿನ ತಪ್ಪೇನು? ಗುಂಡಿಗೆ ಇಳಿಯಲಿ, ನಡುವೆ ಕೂರಲಿ.

“ಪಾಪಕ್ಕನ್ನ ಕರೀಲಾ ದೊಡ್ಡವ್ವ? ನಾನು ಬೆಂಗಳೂರಾಗೆ ಕಲಿತಿರೋದು ಹಗ್ಗದ ಮಗ್ಗ. ಮೂರು ಲಾಳಿ ನನಗೆ ಬರಲ್ಲ. ನಾನು ಹೋಗಿ ಕೇಳಿದ್ರೆ ಬರ್ತಾಳಾ?”

“ಬರಲ್ಲ. ನೀನು ಹೋಗು, ಕಲ್ತುಕಂಡು ಬಾ” ಎಂದೆ. ಹೋದ ತಿಂಗಳು ಆ ಸಾಬರ ಮಗ ಈ ಕಡೆ ಬಂದಾಗ ಪಾಪಕ್ಕ ಹೇಳಿ ಕಳಿಸಿದ್ದ ಮಾತನ್ನೂ ತಿಳಿಸಿದೆ. ಅವಳ ತಂಗಿಯ ಮಗಳು ಈಗ ಅವಳ ಪಕ್ಕ ಕೂರುತ್ತಾಳಂತೆ. “ಅಮ್ಮೋರಿಗೆ ಹೇಳ್ರಿ, ಎಡ ಅಂಚು ಈಗ ಬಿಗಿ ಐತೆ” ಎಂದಿದ್ದಳು.

ಗಿರಿಜೆ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದ ಹುಕುಮನ್ನು ಬಿಚ್ಚಿ ಮತ್ತೊಮ್ಮೆ ಓದಿಕೊಂಡಳು. ಮುಖ ಸಣ್ಣದಾಯಿತು. “ಮುಂದಿನ ವರ್ಷದ ಪರೀಕ್ಷೆಗೆ ಯಾವ ದಿನ ಅನುಕೂಲ ಅಂತ ಈ ವಾರದಾಗೇ ನಾನು ಬರೆದು ಕಳಿಸ್ಬೇಕಂತೆ, ದೊಡ್ಡವ್ವ.”

ಈ ಸಲ ಕೇಳಿದ್ದಾರಲ್ಲ ಎಂದು ನನಗೆ ಒಂದು ಗಳಿಗೆ ಜೀವ ಹಗುರಾಯಿತು. “ಪಂಚಾಂಗ ಇಳಿಸು” ಎಂದೆ. ಅವಳು ಎದ್ದು ಇಳಿಸಿ, ಹಾಳೆ ತಿರುವಿ ತಿರುವಿ ಕೊನೆಗೆ ಬಂದಳು. ಈ ವರ್ಷದ ಪಂಚಾಂಗ ಈ ವರ್ಷಕ್ಕೇ ಮುಗಿಯುತ್ತದೆ. ಮುಂದಿನದು ಯುಗಾದಿಗೆ ಬರಬೇಕು.

“ಏನಂತ ಬರೀಲಿ?”

“ಯುಗಾದಿ ಆದ ಮೇಲೆ ತಿಳಿಸ್ತೀವಿ ಅಂತ ಬರಿ.”

“ಒಪ್ತಾರಾ?”

“ಇಲ್ಲ. ತಾವೇ ಒಂದು ದಿನ ಹಾಕ್ತಾರೆ. ಹಾಕಿದ ದಿನಾನೇ ಬಂದು ನನಗೆ ಹೇಳು. ಬಿಟ್ಟು ಹೋದೋರ ಮನೆ ಬಾಗಿಲಿಗೆ ಆಮೇಲೆ ಹೋಗೋದಲ್ಲ ಕಣೇ. ದಿನ ಗೊತ್ತು ಮಾಡಿದೋರ ಬಾಗಿಲಿಗೆ ಮೊದಲು ಹೋಗೋಣ. ನಾನೂ ಬರ್ತೀನಿ.”

ಅವಳು ಪಂಚಾಂಗವನ್ನು ಮೊಳೆಗೆ ಸಿಕ್ಕಿಸಿದಳು. ಅಷ್ಟು ಹೊತ್ತೂ ಬೆರಳ ನಡುವೆ ಇದ್ದ ಕಲ್ಲನ್ನು ಅಂಗಳಕ್ಕೆ ಎಸೆದು, ಮೊರ ಕೊಡವಿ ಎದ್ದೆ. ಹುಡುಗಿ ಬಿಸಿಲಲ್ಲಿ ಬಂದಿದ್ದಳು, ಹಸಿದಿದ್ದಳು. ಒಲೆ ಹಚ್ಚಿ ನವಣೆ ಅನ್ನಕ್ಕೆ ಎಸರಿಟ್ಟೆ.